ಖಾಲಿ ಪಿಸ್ತೂಲಿನ ಅರ್ಧ ಗಂಟೆ

ಗುಂಡಿಲ್ಲದ ಪಿಸ್ತೂಲು ಹಿಡಿದು, ಏನೂ ಇಲ್ಲದ ಗೋಡೆಯ ಮುಂದೆ, ಯಾರ ಸುದ್ದಿಗೂ ಹೋಗದೆ ನಿಂತುಕೊಳ್ಳುವ ಹೆಂಗಸಿಗೆ ಜನ ಎಷ್ಟು ಕಾಟ ಕೊಡಬಹುದು? ಅದಕ್ಕೂ ಒಂದು ಮಿತಿ ಇದ್ದೀತು ಅಂತ ನಾನು ನಂಬಿದ್ದೆ. ಇಲ್ಲ. ಒಂದು ಮುಗಿಯಿತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲು ತಟ್ಟುತ್ತದೆ. ಕೇಳಿದವರೆಲ್ಲ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಗಲಿ. ನನಗಂತೂ ಬರೆಯುವಾಗಲೂ ಮೈ ಉರಿಯುತ್ತಿದೆ.

ನಾನು ಅರಸೀಕೆರೆ ಸ್ಟೇಷನ್ನಿನ ಕೌಂಟರಿನಲ್ಲಿ ಟಿಕೆಟ್ ಕೊಡುವವಳು. ಕಾಲೇಜಿನಲ್ಲಿ ಎನ್‌ಸಿಸಿ ಮಾಡುವಾಗ ನನ್ನ ಗುರಿ ಚೆನ್ನಾಗಿತ್ತು. ಆಮೇಲೆ ಕೆಲಸ, ಮದುವೆ, ಮಗಳು ಅಂತ ಅದು ಅಲ್ಲೇ ನಿಂತಿತು. ನಲವತ್ತು ದಾಟಿದ ಮೇಲೆ ಹಾಸನದಲ್ಲಿ ಒಬ್ಬರು ನಿವೃತ್ತ ಸುಬೇದಾರರು ಶೂಟಿಂಗ್ ಹೇಳಿಕೊಡುತ್ತಾರೆ ಅಂತ ಗೊತ್ತಾಗಿ ಹೋಗಿ ಸೇರಿಕೊಂಡೆ. ಲೈಸೆನ್ಸ್ ಬೇಡದ ಏರ್ ಪಿಸ್ತೂಲು. ಹತ್ತು ಮೀಟರ್ ದೂರದ ಕಾಗದಕ್ಕೆ ಸೀಸದ ಸಣ್ಣ ಗುಂಡು ಹೊಡೆಯುವ ಆಟ.

ಹಾಸನಕ್ಕೆ ಹೋಗುವುದು ಭಾನುವಾರ ಮಾತ್ರ. ಮಿಕ್ಕ ದಿನ ಮನೆಯಲ್ಲಿ ಡ್ರೈ ಪ್ರಾಕ್ಟೀಸು. ಅಂದರೆ ಗುಂಡು ಹಾಕುವ ಹಾಗಿಲ್ಲ. ಪಿಸ್ತೂಲು ಖಾಲಿ ಇದೆ ಅಂತ ಮೊದಲು ಬಿಚ್ಚಿ ನೋಡಬೇಕು. ಆಮೇಲೆ ಬಿಳಿ ಗೋಡೆಗೆ ಪಕ್ಕವಾಗಿ ನಿಂತು, ಒಂದು ಕೈ ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಕೈ ನೀಟಾಗಿ ಚಾಚಿ, ಪಿಸ್ತೂಲಿನ ತುದಿಯನ್ನೇ ನೋಡುತ್ತಾ ಮೆಲ್ಲಗೆ ಟ್ರಿಗರ್ ಒತ್ತಬೇಕು. ಟಕ್ ಅನ್ನುತ್ತದೆ. ಆ ಟಕ್ಕಿಗೆ ತುದಿ ಅಲುಗಬಾರದು. ಅಷ್ಟೇ ವಿದ್ಯೆ. “ಗುಂಡಿದ್ರೆ ನೀವು ಕಾಗದ ನೋಡ್ತೀರಿ. ಗುಂಡಿಲ್ದಿದ್ರೆ ನಿಮ್ಮ ಕೈ ನೋಡ್ಕೋತೀರಿ” ಅನ್ನುತ್ತಿದ್ದರು ಸುಬೇದಾರರು.

ಸಂಜೆ ಡ್ಯೂಟಿ ಮುಗಿಸಿ ಬಂದ ಮೇಲೆ ಅರ್ಧ ಗಂಟೆ. ನಾನು ಈ ಪ್ರಪಂಚವನ್ನು ಕೇಳಿದ್ದು ಅಷ್ಟೇ.

ಗೋಡೆ

ಮೊದಲು ಒಂದು ಖಾಲಿ ಗೋಡೆ ಬೇಕಿತ್ತು. ಕಣ್ಣು ಅತ್ತಿತ್ತ ಹೋಗದ ಹಾಗೆ ಗೋಡೆಯ ಮೇಲೆ ಏನೂ ಇರಬಾರದು. ನಮ್ಮ ಮನೆಯಲ್ಲಿ ಅಂಥ ಗೋಡೆ ಎಲ್ಲಿಂದ ಬರಬೇಕು? ದೇವರ ಪಟ, ಕೊಬ್ಬರಿ ಮಂಡಿಯವರು ಕೊಟ್ಟ ಕ್ಯಾಲೆಂಡರು, ನಮ್ಮ ಮದುವೆ ಫೋಟೋ, ತೀರಿಕೊಂಡ ನಮ್ಮ ಮಾವನವರ ದೊಡ್ಡ ಫೋಟೋ, ಎಲ್ಲವೂ ಹಾಲಿನಲ್ಲೇ. ಒಂದು ಭಾನುವಾರ ಹಾಸನದಿಂದ ಬಂದವಳೇ ಎಲ್ಲವನ್ನೂ ತೆಗೆದು ಎದುರಿನ ಗೋಡೆಗೆ ಸಾಗಿಸಿದೆ.

ನಮ್ಮತ್ತೆಗೆ ಅವತ್ತಿಂದ ನಿದ್ದೆ ಇಲ್ಲ. “ಖಾಲಿ ಗೋಡೆ ಮನೆಗೆ ಒಳ್ಳೇದಲ್ಲ ಕಣೇ, ಬೋಳು ಬೋಳಾಗಿ ಕಾಣ್ತೈತೆ” ಅನ್ನುವುದು. ನಾನು ಡ್ಯೂಟಿಗೆ ಹೋದಾಗ ಒಂದೊಂದೇ ವಾಪಸ್ ತಂದು ನೇತು ಹಾಕುವುದು. ಸಂಜೆ ಬಂದು ನಾನು ತೆಗೆಯುವುದು. ಇದು ನಮ್ಮಿಬ್ಬರ ಮಧ್ಯೆ ಮಾತಿಲ್ಲದೆ ನಡೆಯುತ್ತಿದ್ದ ಯುದ್ಧ.

ಈ ಅಭ್ಯಾಸದಲ್ಲಿ ಒಂದು ಪಾಠವಿದೆ. ಕಣ್ಣು ಮುಚ್ಚಿಕೊಂಡು ಕೈ ಎತ್ತಬೇಕು, ಮೈ ಸಡಿಲ ಬಿಟ್ಟು ನಾಲ್ಕು ಉಸಿರು ತೆಗೆದುಕೊಂಡು ಆಮೇಲೆ ಕಣ್ಣು ತೆರೆಯಬೇಕು. ಕೈ ತಾನಾಗಿ ಎಲ್ಲಿಗೆ ಹೋಗಿದೆ ಅಂತ ನೋಡಿಕೊಳ್ಳುವುದಕ್ಕೆ. ಅವತ್ತು ಹಾಗೇ ಕಣ್ಣು ಮುಚ್ಚಿದೆ. ಉಸಿರು ಬಿಟ್ಟೆ. ಕಣ್ಣು ತೆರೆದರೆ ಪಿಸ್ತೂಲಿನ ತುದಿಗೆ ಸರಿಯಾಗಿ ನಮ್ಮ ಮಾವನವರು, ಹಣೆಗೆ ಕುಂಕುಮ ಇಟ್ಟುಕೊಂಡು, ಗಂಧದ ಹಾರ ಹಾಕಿಕೊಂಡು ನೋಡುತ್ತಿದ್ದಾರೆ! ನಾನು ಕಣ್ಣು ಮುಚ್ಚಿದ್ದೇ ಸಮಯ ಅಂತ ಅತ್ತೆ ಬೆಕ್ಕಿನ ಹಾಗೆ ಬಂದು ಮೊಳೆಗೆ ಸಿಕ್ಕಿಸಿ ಹೋಗಿದ್ದರು.

ಸಿಟ್ಟಿಗೆ ಕೈ ಇಳಿಸುವುದೂ ಮರೆತು ಹಾಗೇ ನಿಂತಿದ್ದೆ. ಅದೇ ಹೊತ್ತಿಗೆ ಎದುರುಮನೆಯಾಕೆ ಹೆಪ್ಪಿಗೆ ಮೊಸರು ಕೇಳಿಕೊಂಡು ಒಳಗೆ ಬಂದಳು. ನನ್ನನ್ನು ನೋಡಿದಳು. ನನ್ನ ಕೈ ನೋಡಿದಳು. ಕೈಯ ದಾರಿ ಹಿಡಿದು ಫೋಟೋ ನೋಡಿದಳು. ಲೋಟವನ್ನು ಎದೆಗೆ ಒತ್ತಿಕೊಂಡು ಹೇಳಿದಳು:

“ಅಯ್ಯೋ, ಅವರು ಹೋಗಿ ಇಷ್ಟು ವರ್ಷ ಆಯ್ತಲ್ರೀ, ಇನ್ನೂ ನಿಮ್ಮ ಸಿಟ್ಟು ಇಳಿದಿಲ್ವಾ?”

ಪಾಪ, ಅವರು

ನಮ್ಮೆಜಮಾನರಿಗೆ ಬಸ್ ಸ್ಟ್ಯಾಂಡಿನ ಹತ್ತಿರ ಮೋಟರ್ ರಿಪೇರಿ ಅಂಗಡಿ. ಸುತ್ತಲ ಹಳ್ಳಿಗಳ ಬೋರ್‌ವೆಲ್ ಮೋಟರುಗಳು ಸುಟ್ಟುಕೊಂಡು ಅಲ್ಲಿಗೇ ಬರುತ್ತವೆ. ಮೋಟರಿನ ಜೊತೆ ಅದರ ಮಾಲೀಕರೂ ಬಂದು, ಕೆಲಸ ಮುಗಿಯುವ ತನಕ ಬೆಂಚಿನ ಮೇಲೆ ಕೂರುತ್ತಾರೆ. ಎದುರುಮನೆಯಾಕೆಯಿಂದ ಹೊರಟ ಸುದ್ದಿ ಆ ಬೆಂಚಿಗೆ ಬರುವುದಕ್ಕೆ ಎರಡು ದಿನವೂ ಬೇಕಾಗಲಿಲ್ಲ.

“ಏನಣ್ಣಾ, ಅತ್ತಿಗೆ ಮನೇಲಿ ಪಿಸ್ತೂಲ್ ಇಟ್ಕಂಡವ್ರಂತೆ?”

ಇದಕ್ಕೆ ಇವರು ಏನು ಹೇಳಬೇಕು? ಅದು ಆಟ, ಪಂದ್ಯ ಇದೆ, ಖಾಲಿ ಪಿಸ್ತೂಲು ಅಂತ ಹೇಳಬೇಕೋ ಬೇಡವೋ? ಇವರು ಏನೂ ಹೇಳುತ್ತಿರಲಿಲ್ಲವಂತೆ. ತಾಮ್ರದ ತಂತಿಯನ್ನು ಕೈಗೆ ಸುತ್ತಿಕೊಳ್ಳುತ್ತಾ ಒಂದು ದೀರ್ಘ ಉಸಿರು ಬಿಟ್ಟು, “ಹಂಗೇ ಕಾಲ ಹಾಕ್ತಾ ಇದೀನಪ್ಪಾ” ಅನ್ನುತ್ತಿದ್ದರಂತೆ. ಅಷ್ಟಕ್ಕೇ ಕಾಫಿ ಬರುತ್ತಿತ್ತು, ಬಜ್ಜಿ ಬರುತ್ತಿತ್ತು, ಎಳನೀರಿನ ಗೊನೆ ಬರುತ್ತಿತ್ತು. ಒಬ್ಬರು ಮಂತ್ರಿಸಿದ ತಾಯತವನ್ನೇ ತಂದು ಕಟ್ಟಿದ್ದರು. ಉಳುಕಿಗೆ ಅಂತ ನನಗೆ ಹೇಳಿದ್ದರು ಇವರು!

ನನಗೆ ಇದೆಲ್ಲ ಗೊತ್ತಾಗಿದ್ದು ಒಂದು ಮಧ್ಯಾಹ್ನ ಅಂಗಡಿಗೆ ಊಟದ ಡಬ್ಬಿ ಕೊಡಲು ಹೋದಾಗ. ಜಾವಗಲ್ ಕಡೆಯ ಒಬ್ಬ ಯಜಮಾನರು ಬೆಂಚಿನಿಂದ ತಟ್ಟನೆ ಎದ್ದು ನನಗೆ ಕೈ ಮುಗಿದರು. “ತಾಯೀ, ಮನ್ಸ ಒಳ್ಳೇವ್ನು ಕಣವ್ವಾ. ಏನಾರ ತಪ್ಪು ಮಾಡಿದ್ರೂ ಹೊಟ್ಟೆಗೆ ಹಾಕ್ಕಳಿ. ದುಡುಕಬ್ಯಾಡಿ.” ಇವರು ಮೋಟರಿನ ಹಿಂದೆ ತಲೆ ತಗ್ಗಿಸಿಕೊಂಡು ಕೂತಿದ್ದರು. ನಗು ತಡೆಯುವುದಕ್ಕೆ.

ಸಂಜೆ ಮನೆಗೆ ಬಂದ ಮೇಲೆ ಬಾಗಿಲಲ್ಲೇ ಹಿಡಿದೆ. “ಯಾವ ವಿಷಯಕ್ಕೆ ರೀ ನೀವು ನನಗೆ ಹೆದರಿರೋದು? ಒಂದೇ ಒಂದು ಹೇಳಿ. ಒದ್ದೆ ಟವೆಲ್ ಮಂಚದ ಮೇಲೆ ಹಾಕಬೇಡಿ ಅಂತ ಮದುವೆ ಆದಾಗಿಂದ ಬಡ್ಕೋತಾ ಇದೀನಿ. ಒಂದು ದಿನ ಕೇಳಿದೀರಾ?”

ಇವರು ಚಪ್ಪಲಿ ಬಿಡುತ್ತಾ, “ಹೆದರಿಕೆ ಬೇರೆ, ಟವೆಲ್ ಬೇರೆ ಕಣೇ” ಅಂದರು.

ಕೋತಿಗಳ ಅಭಿಪ್ರಾಯ

ನಮ್ಮೆಜಮಾನರ ಚಿಕ್ಕಪ್ಪ ಕಣಕಟ್ಟೆ ಹತ್ತಿರ ತೆಂಗಿನ ತೋಟ ಮಾಡಿಕೊಂಡಿದ್ದಾರೆ. ಒಂದು ಸಂಜೆ ಬಸ್ಸಿಳಿದು ನೇರ ಮನೆಗೆ ಬಂದರು. ನಾನು ಗೋಡೆಯ ಮುಂದೆ ಇದ್ದೆ. ನಿಲ್ಲಿಸಬೇಕಾಯಿತು. ನೀರು ಕೊಟ್ಟೆ, ಕಾಫಿ ಕೊಟ್ಟೆ. ಲೋಟ ಕೆಳಗಿಟ್ಟು ವಿಷಯಕ್ಕೆ ಬಂದರು.

“ಕೋತಿ ಕಣವ್ವಾ, ಕೋತಿ. ಎಳೆಗಾಯಿ ಕಿತ್ತು ಕಿತ್ತು ಎಸೀತವೆ. ಪಟಾಕಿ ಹೊಡುದ್ರೂ ಕ್ಯಾರೆ ಅನ್ನಲ್ಲ. ನೀನು ಒಂದಿನ ಬಂದು ಹೋದ್ರೆ ಆಯ್ತದೆ.”

“ಚಿಕ್ಕಮಾವ, ಇದು ಕೋತಿ ಹೊಡೆಯೋದಲ್ಲ. ಪ್ರಾಣಿಗೆ ಹೊಡೆಯೋದು ತಪ್ಪು. ಇದು ಕಾಗದಕ್ಕೆ ಹೊಡೆಯೋದು.”

“ಕಾಗ್ದ ಏನ್ ಮಾಡಿತ್ತು ನಿಂಗೆ?”

ಹಲ್ಲು ಕಚ್ಚಿಕೊಂಡು ಪಂದ್ಯದ ವಿಷಯ ವಿವರಿಸಿದೆ. ಅವರು ಎದ್ದು ಹೋಗಿ ಗೋಡೆಯನ್ನು ಕೈಯಿಂದ ಸವರಿ ನೋಡಿ ಬಂದರು.

“ಇಲ್ಲಿ ಕಾಗ್ದನೂ ಕಾಣೆನಲ್ಲ?”

“ಇದು ಬರೀ ಅಭ್ಯಾಸ. ಗುಂಡೂ ಇಲ್ಲ, ಕಾಗದನೂ ಇಲ್ಲ.”

“ಅಂದ್ರೆ ಸುಮ್ಕೆ ಕೈ ಎತ್ಕಂಡು ನಿಂತ್ಕಳದು.”

“ಹೌದು.”

“ಇದನ್ನ ಕಲಿಯಾಕೆ ಬಸ್ಸತ್ಕಂಡು ಹಾಸನಕ್ಕೆ ಹೋಯ್ತೀಯ.”

ಹಿರಿಯರು ಅಂತ ಬೈಯದೆ ಮತ್ತೆ ಹೋಗಿ ಗೋಡೆಯ ಮುಂದೆ ನಿಂತೆ. ಅವರು ಮಾತ್ರ ಹೊರಡಲಿಲ್ಲ. ಪಕ್ಕದ ಗೋಡೆಗೆ ಒರಗಿ ಕೂತು, ನಾನು ನಿಲ್ಲುವುದನ್ನು, ಕೈ ಚಾಚುವುದನ್ನು, ಕಾಲು ಅಗಲಿಸುವುದನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡು, ಕತ್ತಲಾಗುವ ಮುಂಚೆ ಬಸ್ಸು ಹತ್ತಿದರು.

ಕೆಲವು ದಿನ ಬಿಟ್ಟು ಫೋನು ಬಂತು. ಚಿಕ್ಕಮಾವ ತೋಟದಲ್ಲಿ ಸೈಕಲ್ ಪಂಪು ಹಿಡಿದುಕೊಂಡು ನನ್ನ ಹಾಗೇ ನಿಲ್ಲಲು ಶುರು ಮಾಡಿದ್ದರು.

“ಮೊದ್ಲು ಮೊದ್ಲು ಚೆನ್ನಾಗಿ ಓಡ್ತಿದ್ವು ಕಣವ್ವಾ. ಈಗ ಇಲ್ಲ. ನಾನು ನಿಂತ್ಕಂಡ್ರೆ ಸಾಕು, ಎದುರಿಗೆ ಸಾಲಾಗಿ ಕೂತ್ಕತವೆ. ಮರಿಗಳ್ನೂ ಕರ್ಕಂಡ್ ಬತ್ತವೆ.”

“ಬಿಟ್ಟುಬಿಡಿ ಚಿಕ್ಕಮಾವ” ಅಂದೆ.

“ಬಿಡಾದು ಹೆಂಗೆ? ನಿನ್ನೆ ನಾನು ಜ್ವರ ಬಂದು ಹೋಗ್ನಿಲ್ಲ. ಮನೆ ತಂಕ ಹುಡುಕ್ಕಂಡ್ ಬಂದವೆ!”

ಕಣ್ಣು

ನಮ್ಮ ಹಾಲಿನ ಕಿಟಕಿ ಬೀದಿಗೆ ಕಾಣುತ್ತದೆ. ಯಾರೋ ನೋಡಿದರು, ಯಾರಿಗೋ ಹೇಳಿದರು, ಅವರು ಇನ್ಯಾರಿಗೋ ಹೇಳಿದರು. ಠಾಣೆಗೆ ಮುಟ್ಟುವ ಹೊತ್ತಿಗೆ ಅದು ‘ಹೆಂಗಸೊಬ್ಬಳು ದಿನಾ ಸಂಜೆ ಮನೆಯವರನ್ನು ಗೋಡೆಗೆ ನಿಲ್ಲಿಸಿ ಪಿಸ್ತೂಲು ತೋರಿಸುತ್ತಾಳೆ’ ಅಂತ ಆಗಿತ್ತು. ಒಬ್ಬರು ಪೊಲೀಸಿನವರು ಬೈಕಿನಲ್ಲಿ ಬಂದರು. ಹೆಚ್ಚುಕಡಿಮೆ ನನ್ನದೇ ವಯಸ್ಸು. ಪಿಸ್ತೂಲು ಕೊಂಡ ರಸೀದಿ ತೋರಿಸಿದೆ, ಪಿಸ್ತೂಲು ಬಿಚ್ಚಿ ಖಾಲಿ ಇರುವುದನ್ನು ತೋರಿಸಿದೆ. “ಸಾರಿ ಮೇಡಂ, ಕಂಪ್ಲೇಂಟ್ ಬಂದ ಮೇಲೆ ಬರಲೇಬೇಕಲ್ಲ” ಅಂದರು. ಆಯಿತಲ್ಲ, ಹೋಗಬೇಕು ತಾನೇ? ಹೋಗಲಿಲ್ಲ. ಅತ್ತೆ ಕೊಟ್ಟ ಕಾಫಿ ಕುಡಿದು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

“ಮೇಡಂ, ಒಂದು ವಿಷಯ. ಯಾರಿಗೂ ಹೇಳಬಾರದು. ನಮಗೆ ವರ್ಷಕ್ಕೊಂದು ಸಲ ಫೈರಿಂಗ್ ಇರುತ್ತೆ. ನನಗೆ ಟ್ರಿಗರ್ ಒತ್ತುವಾಗ ಕಣ್ಣು ಮುಚ್ಚಿಕೊಂಡುಬಿಡುತ್ತೆ.”

“ಎಷ್ಟು ದಿನದಿಂದ?”

“ಕೆಲಸಕ್ಕೆ ಸೇರಿದಾಗಿಂದ.”

ಅದಕ್ಕೆ ಮದ್ದು ಇದೇ ಅಂತ ನನಗೆ ಗೊತ್ತಿತ್ತು. ಸದ್ದಿಗೆ ಬೆಚ್ಚುವ ಕಣ್ಣಿಗೆ ಸದ್ದಿಲ್ಲದ ಪಿಸ್ತೂಲೇ ಪಾಠ. ಬಾಯಿ ಮುಚ್ಚಿಕೊಂಡು ಇರಬೇಕಿತ್ತು. ಇರಲಿಲ್ಲ. ಹೇಳಿಬಿಟ್ಟೆ. ಮಾರನೇ ದಿನದಿಂದ ನನ್ನ ಅರ್ಧ ಗಂಟೆಗೆ ಸರಿಯಾಗಿ ಅವರ ಬೈಕು ನಮ್ಮ ಗೇಟಿನ ಮುಂದೆ! ಅವರು ನನ್ನ ಗೋಡೆಯ ಮುಂದೆ ನಿಲ್ಲುವುದು, ಟಕ್ ಅನ್ನಿಸುವುದು, ನಾನು ಹಿಂದೆ ಕೈ ಕಟ್ಟಿಕೊಂಡು “ಮುಚ್ಚಿದ್ರಿ” ಅನ್ನುವುದು. ಟಕ್. “ಮುಚ್ಚಿದ್ರಿ.” ಟಕ್. “ಮತ್ತೆ ಮುಚ್ಚಿದ್ರಿ ಕಣ್ರೀ!” ಎದುರುಮನೆಯಾಕೆ ಅತ್ತೆಯನ್ನು ಮೆಲ್ಲಗೆ ಕೇಳಿದಳಂತೆ, ಇನ್ನೂ ಕೇಸು ಮುಗಿದಿಲ್ವಾ ಅಂತ.

ಆದರೂ ಮನುಷ್ಯ ಪಟ್ಟು ಬಿಡಲಿಲ್ಲ. ದಿನಾ ಬೈಸಿಕೊಂಡರು, ದಿನಾ ಬಂದರು. ಕೊನೆಗೆ ಒಂದು ಸಂಜೆ ಟಕ್ ಅಂದಾಗ ಕಣ್ಣು ಅಗಲಕ್ಕೆ ತೆರೆದೇ ಇತ್ತು.

ಫೈರಿಂಗ್ ಮುಗಿಸಿಕೊಂಡು ಪೇಡಾ ಡಬ್ಬಿ ಹಿಡಿದು ಬಂದರು. ಮುಖ ಅರಳಿತ್ತು. “ಮೇಡಂ, ಒಂದು ಸಲವೂ ಕಣ್ಣು ಮುಚ್ಚಲಿಲ್ಲ! ಎಲ್ಲಾ ನೀಟಾಗಿ ಕಾಣಿಸ್ತು.”

“ಗುಂಡು ಬಿತ್ತಾ?”

“ಎಲ್ಲಾ ಬಿದ್ವು ಮೇಡಂ. ಒಂದೂ ತಪ್ಪಲಿಲ್ಲ. ಪಕ್ಕದವನ ಟಾರ್ಗೆಟ್ಟಿಗೆ. ಅವನಿಗೆ ಫಸ್ಟ್ ಪ್ರೈಜ್ ಬಂತು.”

ಬೇಲೂರಿನಲ್ಲಿ

ನಮ್ಮೆಜಮಾನರ ಅಕ್ಕ, ಭಾವ ರಜಕ್ಕೆ ಬಂದಿದ್ದರು. ಎಲ್ಲ ಸೇರಿ ಕಾರು ಮಾಡಿಕೊಂಡು ಹಳೇಬೀಡು ನೋಡಿ ಬೇಲೂರಿಗೆ ಹೋದೆವು. ಸುಡುವ ಮಧ್ಯಾಹ್ನ. ಚಪ್ಪಲಿ ಹೊರಗೆ ಬಿಟ್ಟು ಅಂಗಳದ ಕಲ್ಲಿನ ಮೇಲೆ ಕುಣಿಯುತ್ತಾ ನಡೆದೆವು. ಗೈಡು ಒಂದೊಂದೇ ಮದನಿಕೆಯನ್ನು ತೋರಿಸುತ್ತಾ ಬಂದು, ಬಿಲ್ಲು ಹಿಡಿದು ಗುರಿಯಿಟ್ಟು ನಿಂತ ಒಬ್ಬಳ ಕೆಳಗೆ ನಿಲ್ಲಿಸಿದ. “ಇವಳ ನಿಲುವು ನೋಡಿ, ಸೊಂಟ ನೋಡಿ, ದೃಷ್ಟಿ ನೋಡಿ...”

ನಮ್ಮ ಭಾವನಿಗೆ ಸುಮ್ಮನಿರಲಾಗಲಿಲ್ಲ. “ನಮ್ಮನೇಲೂ ಒಬ್ಬರಿದಾರೆ ಕಣಪ್ಪಾ! ದಿನಾ ಗೋಡೆಗೆ ಗುರಿ ಇಡ್ತಾರೆ, ಗುಂಡಿಲ್ಲದೆ!” ಅಂತ ಜೋರಾಗಿ ಹೇಳಿ ನನ್ನನ್ನು ತೋರಿಸಿದರು. ಅಲ್ಲೇ ಪ್ರವಾಸಕ್ಕೆ ಬಂದ ಶಾಲೆ ಮಕ್ಕಳ ಗುಂಪಿತ್ತು. ಗೈಡು ಬಿಡುತ್ತಾನಾ? “ಮೇಡಂ, ಒಂದ್ಸಲ ಹಂಗೇ ನಿಂತು ತೋರಿಸಿ ಪ್ಲೀಸ್.” ಮೇಷ್ಟ್ರು “ಮಕ್ಕಳೇ, ಇಲ್ಲಿ ನೋಡಿ” ಅಂದರು. ನಾನು ಬೇಡ ಅಂದೆ. ನಮ್ಮೆಜಮಾನರು “ಮಕ್ಕಳಿಗೋಸ್ಕರ ಕಣೇ” ಅಂದರು. ನಿಂತೆ. ಬರಿಗೈ ಚಾಚಿಕೊಂಡು, ಕಾಲು ಸುಡುತ್ತಾ, ಬೆವರು ಇಳಿಯುತ್ತಾ. ಸುತ್ತ ಮೊಬೈಲುಗಳು.

“ಸ್ವಲ್ಪ ನಗಮ್ಮಾ” ಅಂದರು ಭಾವ. “ಅವಳನ್ನ ನೋಡು, ಬಿಲ್ಲು ಹಿಡ್ಕೊಂಡೂ ಎಷ್ಟು ಚೆನ್ನಾಗಿ ನಗ್ತಾ ನಿಂತಿದಾಳೆ. ನೀನ್ಯಾಕೆ ಯಾವಾಗಲೂ ಸಿಡುಕು ಮೋರೆ?”

ಅಲ್ಲಿಯ ತನಕ ತಡೆದುಕೊಂಡಿದ್ದು ಅಲ್ಲಿ ಒಡೆಯಿತು. “ನಗ್ತಾಳೆ ಭಾವ, ಯಾಕೆ ನಗಲ್ಲ? ನೂರಾರು ವರ್ಷದಿಂದ ಗುರಿ ಹಿಡ್ಕೊಂಡು ನಿಂತಿದಾಳೆ. ಒಂದು ದಿನವಾದರೂ ಯಾರಾದರೂ ಮಧ್ಯದಲ್ಲಿ ಬಂದು ‘ಕಾಫಿ ಆಯ್ತಾ’ ಅಂತ ಕೇಳಿದಾರಾ ಅವಳನ್ನ?”

ಮೇಷ್ಟ್ರು ಮಕ್ಕಳನ್ನು ಕರೆದುಕೊಂಡು ಮುಂದೆ ಹೋದರು. ಭಾವ ಆಕಾಶ ನೋಡಿದರು. ನಮ್ಮೆಜಮಾನರ ಅಕ್ಕ ಮಾತ್ರ ನನ್ನ ಪಕ್ಕಕ್ಕೆ ಬಂದು ಕೈ ಹಿಡಿದುಕೊಂಡರು. ನಾವು ಒಂದು ಸುತ್ತು ಮುಗಿಸಿ ಅದೇ ಜಾಗಕ್ಕೆ ಬರುವ ಹೊತ್ತಿಗೆ ಆ ಗೈಡು ಇನ್ನೊಂದು ಗುಂಪಿಗೆ ಹೇಳುತ್ತಿದ್ದ:

“ಇವಳು ಯಾಕೆ ನಗ್ತಿದಾಳೆ ಗೊತ್ತಾ ಸಾರ್? ಇವಳನ್ನ ಯಾರೂ ಕಾಫಿ ಕೇಳಲ್ಲ ಅಂತ. ಶಾಸನದಲ್ಲೇ ಇದೆ.”

ಪೇಟ

ಹೋದ ವರ್ಷ ಬೆಂಗಳೂರಿನ ರಾಜ್ಯಮಟ್ಟದ ಪಂದ್ಯಕ್ಕೆ ಹೋದೆ. ಪದಕ ಬರಲಿಲ್ಲ. ಆದರೆ ಮುಂದಿನ ಹಂತಕ್ಕೆ ಬೇಕಾದಷ್ಟು ಅಂಕ ಬಂತು. ಅಲ್ಲಿ ಸಾಲಾಗಿ ಎಷ್ಟೊಂದು ಜನ ನಿಂತಿದ್ದರು. ಒಬ್ಬರೂ ನನ್ನನ್ನು ಏನೂ ಕೇಳಲಿಲ್ಲ. ಕುಕ್ಕರ್ ಕೂಗಲಿಲ್ಲ, ಯಾರೂ ಬಾಗಿಲು ತಟ್ಟಲಿಲ್ಲ. ಕೊನೆಯ ಗುಂಡು ಹೊಡೆದು ಪಿಸ್ತೂಲು ಕೆಳಗಿಟ್ಟು ಹೊರಗೆ ಬಂದು, ಒಂದು ಮರದ ಕೆಳಗೆ ನಿಂತು ಅತ್ತುಬಿಟ್ಟೆ. ಸಂತೋಷಕ್ಕೋ, ಅಷ್ಟು ಹೊತ್ತು ನನ್ನಷ್ಟಕ್ಕೆ ನನ್ನನ್ನು ಬಿಟ್ಟರಲ್ಲ ಅನ್ನುವುದಕ್ಕೋ, ಗೊತ್ತಿಲ್ಲ.

ವಾಪಸ್ ಬಂದ ಮೇಲೆ ನಮ್ಮ ಬಡಾವಣೆಯವರು ಸನ್ಮಾನ ಇಟ್ಟುಕೊಂಡರು. ಶಾಮಿಯಾನ, ಮೈಕು, ಎಲ್ಲಾ. ಮುಖ್ಯ ಅತಿಥಿಗಳು ಮಾತಿಗೆ ನಿಂತರು. ನನ್ನ ಅಂಕದ ಬಗ್ಗೆ ಒಂದು ಮಾತಿಲ್ಲ. “ಇಂಥ ಒಬ್ಬ ಹೆಣ್ಣುಮಗಳ ಕೈಗೆ ಪಿಸ್ತೂಲು ಕೊಟ್ಟು, ಅದೇ ಸೂರಿನ ಕೆಳಗೆ ಧೈರ್ಯವಾಗಿ ಬಾಳುತ್ತಿರುವ ಅವರ ಯಜಮಾನರಿಗೆ ಮೊದಲು ಚಪ್ಪಾಳೆ!” ಅಂದರು. ಶಾಲು ಇವರ ಹೆಗಲಿಗೆ ಬಿತ್ತು. ಮೈಸೂರು ಪೇಟ ಇವರ ತಲೆಗೆ ಏರಿತು. ನನಗೆ ಅರಿಶಿನ ಕುಂಕುಮ, ಒಂದು ರವಿಕೆ ಬಟ್ಟೆ.

ಪಿಸ್ತೂಲು ಕೊಟ್ಟರಂತೆ! ನನ್ನ ಸಂಬಳದಲ್ಲಿ ತಂದ ಪಿಸ್ತೂಲು ಅದು!

ಇಷ್ಟಕ್ಕೇ ನಿಲ್ಲಲಿಲ್ಲ. “ಈಗ ಮೇಡಂ ಅವರ ಪರವಾಗಿ ಯಜಮಾನರು ಎರಡು ಮಾತಾಡುತ್ತಾರೆ” ಅಂತ ನಿರೂಪಕರು ಅಂದರು. ಇವರು ಎದ್ದೇಬಿಟ್ಟರು! ಪೇಟ ಸರಿಮಾಡಿಕೊಂಡು, “ನನಗೆ ಮೊದಲಿಂದಲೂ ಈ ಶೂಟಿಂಗ್ ಅಂದ್ರೆ...” ಅಂತ ಶುರು ಮಾಡುವಷ್ಟರಲ್ಲಿ ನಾನು ವೇದಿಕೆಯಲ್ಲಿ ಅವರ ಎದುರಿಗೆ ನಿಂತಿದ್ದೆ.

“ಪೇಟ ಕೊಡಿ” ಅಂದೆ. ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ಇವರು ನನ್ನ ಮುಖ ನೋಡಿದರು. ಆ ಕ್ಷಣ ನಿಜವಾಗಿಯೂ ಹೆದರಿದರು ಅಂತ ಕಾಣುತ್ತದೆ. ತೆಗೆದು ಕೊಟ್ಟರು. ನಾನು ನನ್ನ ತಲೆಗೆ ಇಟ್ಟುಕೊಂಡು, ಸೆರಗು ಸರಿಮಾಡಿಕೊಂಡು, ನಡುವಿನ ಕುರ್ಚಿಯಲ್ಲಿ ಕೂತೆ. ಮುಖ್ಯ ಅತಿಥಿಗಳು ಮೈಕು ಎಳೆದುಕೊಂಡು ಗದ್ಗದಿತರಾಗಿ ಹೇಳಿದರು:

“ನೋಡಿದಿರಾ ಆ ದೊಡ್ಡ ಮನಸ್ಸು! ಕೇಳಿದ ತಕ್ಷಣ ಪೇಟವನ್ನೂ ಬಿಟ್ಟುಕೊಟ್ಟರು!”

ಪಾಲಿಶ್

ಇದು ಮೊನ್ನೆ ಮೊನ್ನೆ ನಡೆದದ್ದು. ರಜೆಯ ದಿನ, ಹಗಲು ಹೊತ್ತು. ಸುಬೇದಾರರು ಮುಂದಿನ ಪಂದ್ಯಕ್ಕೆ ಹೆಚ್ಚು ಅಭ್ಯಾಸ ಮಾಡಿ ಅಂದಿದ್ದರು. ನಾನು ಬಾಗಿಲು ಎಳೆದುಕೊಂಡು ಒಳಗೆ ನಿಂತಿದ್ದೆ. ಅತ್ತೆ ಮುಂದಿನ ಜಗಲಿಯಲ್ಲಿ ಕೂತಿದ್ದರು. ಅವರ ಕೈಯಲ್ಲಿ ಎರಡು ಚಿನ್ನದ ಬಳೆ, ಅವರ ಅಪ್ಪ ಮದುವೆಯಲ್ಲಿ ಹಾಕಿದ್ದು. ಮಾವ ಹೋದ ಮೇಲೂ ಅವನ್ನು ಕಳಚಿರಲಿಲ್ಲ. ಕಳಚಿ ಅಂದವರಿಗೆ “ಇವು ನಮ್ಮಪ್ಪಂದು, ನನ್ನ ಗಂಡಂದಲ್ಲ” ಅಂತ ಬಾಯಿ ಮುಚ್ಚಿಸಿದ್ದರು. ಆ ಮಾತಿಗೆ ನಾನು ಮನಸ್ಸಿನಲ್ಲೇ ಅವರಿಗೆ ಕೈ ಮುಗಿದಿದ್ದೆ.

ಅವತ್ತು ಜಗಲಿಯಿಂದ ಮಾತು ಕೇಳಿಸುತ್ತಲೇ ಇತ್ತು. ಯಾರೋ ಇಬ್ಬರು ಗಂಡಸರು. ಪಾತ್ರೆಯ ಸದ್ದು, ಉಜ್ಜುವ ಸದ್ದು, ನಡುವೆ ಅತ್ತೆಯ ನಗು. ನಾನು ಕೈ ಎತ್ತಿದರೆ ಅಲ್ಲಿ ಢಣ್ ಅನ್ನುತ್ತದೆ. ಮತ್ತೆ ಎತ್ತಿದರೆ “ಅಜ್ಜೀ, ಬಿಸಿನೀರು ಐತಾ?” ಮತ್ತೆ ಎತ್ತಿದರೆ “ಅರಿಶಿನ ಐತಾ?” ಪಿಸ್ತೂಲಿನ ತುದಿ ಒಂದು ಕ್ಷಣವೂ ನೆಟ್ಟಗೆ ನಿಲ್ಲುತ್ತಿಲ್ಲ. ಇಷ್ಟು ವರ್ಷದ ಸಿಟ್ಟೆಲ್ಲಾ ಒಟ್ಟಿಗೆ ತಲೆಗೇರಿತು. ಗೋಡೆಯದು, ಬೆಂಚಿನದು, ಶಾಮಿಯಾನದ್ದು, ಎಲ್ಲಾ. ಬಾಗಿಲನ್ನು ದಢಾರ್ ಅಂತ ತೆರೆದು ಜಗಲಿಗೆ ಬಂದೆ. ಪಿಸ್ತೂಲು ಕೈಯಲ್ಲೇ ಇದೆ ಅನ್ನುವ ಎಚ್ಚರವೇ ನನಗಿರಲಿಲ್ಲ. ತುದಿ ನೆಲ ನೋಡುತ್ತಿತ್ತು, ಬೆರಳು ಟ್ರಿಗರಿನಿಂದ ದೂರವಿತ್ತು, ಆ ಅಭ್ಯಾಸ ಮಾತ್ರ ಕೈ ತಪ್ಪಿಸಲಿಲ್ಲ.

ಇಬ್ಬರು ಹುಡುಗರು ಕುಕ್ಕರುಗಾಲಿನಲ್ಲಿ ಕೂತಿದ್ದರು. ಮುಂದೆ ಒಂದು ತಟ್ಟೆ, ಅದರಲ್ಲಿ ಹಳದಿ ನೀರು, ಏನೋ ಪುಡಿ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ:

“ಒಂದು ಅರ್ಧ ಗಂಟೆ ಸುಮ್ಮನಿರೋದಕ್ಕೆ ಏನು ತಗೋತೀರಾ ನೀವು?”

ಇಬ್ಬರೂ ತಲೆ ಎತ್ತಿದರು. ನನ್ನ ಮುಖ ನೋಡಿದರು, ಆಮೇಲೆ ನನ್ನ ಕೈ ನೋಡಿದರು. ಒಬ್ಬ ತಟ್ಟೆಯನ್ನು ನನ್ನ ಕಡೆಗೆ ತಳ್ಳಿ ಹೇಳಿದ.

“ಏನೂ ತಗೊಂಡಿಲ್ಲ ಮೇಡಂ! ಬಳೆ ಇಲ್ಲೇ ಐತೆ! ಪುಡಿಯೊಳಗೆ ಐತೆ!”

ಯಾವ ಬಳೆ ಅಂತ ನಾನು ಕೇಳುವಷ್ಟರಲ್ಲಿ ಇನ್ನೊಬ್ಬ ಕಾಂಪೌಂಡು ಹಾರಿದ್ದ. ಮೊದಲನೆಯವನು “ಹೋದ ವಾರದ್ದು ನಾವಲ್ಲ ಮೇಡಂ, ಅದು ತಿಪಟೂರಿನವರು!” ಅಂತ ಕೂಗುತ್ತಲೇ ಅವನ ಹಿಂದೆ ಹಾರಿದ. ಬೈಕು ಅಲ್ಲೇ, ಚಪ್ಪಲಿ ಅಲ್ಲೇ, ಚೀಲ ಅಲ್ಲೇ. ತಟ್ಟೆಯ ಪುಡಿಯೊಳಗೆ ಬೆರಳಾಡಿಸಿದೆ. ಅತ್ತೆಯ ಒಂದು ಬಳೆ ಸಿಕ್ಕಿತು, ಇನ್ನೊಂದು ಅವರ ಬಲಗೈಯಲ್ಲೇ ಇತ್ತು. ಸಿಕ್ಕಿದ್ದನ್ನು ಅವರ ಎಡಗೈಗೆ ತೊಡಿಸಿದೆ. ಅಲ್ಲೇ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಅತ್ತೆ ನನ್ನನ್ನು ನುಂಗುವ ಹಾಗೆ ನೋಡಿದರು. “ಏನ್ ಬಂದಿತ್ತೇ ನಿಂಗೆ? ಎಷ್ಟು ಒಳ್ಳೇ ಹುಡುಗ್ರು! ಅಜ್ಜೀ ಅಜ್ಜೀ ಅಂತ ಬಾಯ್ತುಂಬಾ ಕರೀತಿದ್ರು. ಪುಕ್ಸಟ್ಟೆ ಪಾಲಿಶ್ ಮಾಡ್ಕೊಡ್ತಿದ್ರು!”

“ಅತ್ತೆ, ಅವರು ಕಳ್ಳರು. ಬಳೆ ಹೊಡ್ಕೊಂಡು ಹೋಗೋಕೆ ಬಂದವರು.”

“ಕಳ್ಳ್ರಾಗಿದ್ರೆ ಬಳೆ ಬಿಟ್ಟೋಗ್ತಿದ್ರಾ? ಬೈಕೇ ಬಿಟ್ಟೋಗವ್ರೆ, ಪಾಪ!”

ಫೋನು ಮಾಡಿದ ಮೇಲೆ ಠಾಣೆಯಿಂದ ಒಬ್ಬರು ಹಿರಿಯ ದಫೇದಾರರು ಬಂದರು. ತಟ್ಟೆ ನೋಡಿದರು, ಪುಡಿ ಮೂಸಿದರು, ಅತ್ತೆಯ ಪಕ್ಕದಲ್ಲೇ ಕೂತು ತಾಳ್ಮೆಯಿಂದ ಹೇಳಿದರು. ಇವರು ಪಾಲಿಶ್ ಅಂತ ಬರುತ್ತಾರೆ, ಮೊದಲು ದೀಪ ಉಜ್ಜಿ ತೋರಿಸುತ್ತಾರೆ, ಆಮೇಲೆ ಒಂದು ಬಳೆ ಹೊಳೆಯುವ ಹಾಗೆ ಮಾಡಿ ನಂಬಿಕೆ ಹುಟ್ಟಿಸುತ್ತಾರೆ, ಕೊನೆಗೆ ಎರಡನ್ನೂ ಪುಡಿಯಲ್ಲಿ ಹಾಕಿದ ಹಾಗೆ ಮಾಡಿ, ತಟ್ಟೆಯನ್ನು ಒಲೆಯ ಮೇಲಿಡಿ ಅಂತ ಒಳಗೆ ಕಳಿಸಿ, ಬಳೆಗಳನ್ನು ಎತ್ತಿಕೊಂಡು ಹೋಗುತ್ತಾರೆ. “ನಿಮ್ಮ ಸೊಸೆ ಒಂದು ನಿಮಿಷ ತಡ ಮಾಡಿದ್ರೆ ಎರಡೂ ಹೋಗಿರೋವು ಅಜ್ಜಿ. ದೊಡ್ಡ ಕೆಲಸ ಮಾಡಿದಾರೆ.”

ಅತ್ತೆ ಎಲ್ಲವನ್ನೂ ಕೇಳಿಸಿಕೊಂಡರು. ನನ್ನ ಕಡೆ ಒಮ್ಮೆ ನೋಡಿದರು. ಆ ನೋಟದಲ್ಲಿ ಏನೋ ಕರಗಿದ ಹಾಗೆ ಕಂಡಿತು. ಇಷ್ಟು ವರ್ಷದಲ್ಲಿ ಮೊದಲ ಸಲ ಒಂದು ಒಳ್ಳೆಯ ಮಾತು ಬರುತ್ತದೆ ಅಂತ ನಾನು ಕಾದೆ. ಅವರು ಎರಡೂ ಕೈ ಮುಂದೆ ಚಾಚಿ ಬಿಸಿಲಿಗೆ ಹಿಡಿದರು. ಬಲಗೈ ಬಳೆ ಫಳಫಳ ಹೊಳೆಯುತ್ತಿತ್ತು. ಎಡಗೈ ಬಳೆ ಮಂಕಾಗಿತ್ತು.

“ಕಳ್ಳ್ರೇ ಇರ್ಬೋದು ಕಣಪ್ಪಾ” ಅಂದರು ದಫೇದಾರರಿಗೆ. “ಆದ್ರೆ ಹಿಡಿದ್ರೆ ಒಂದ್ ಮಾತು ಹೇಳು. ಲಾಕಪ್ಪಿಗೆ ಹಾಕೋಕೆ ಮುಂಚೆ ಇಲ್ಲಿಗೆ ಕರ್ಕೊಂಡ್ ಬಾ. ಈ ಇನ್ನೊಂದು ಬಳೆನೂ ಮುಗಿಸ್ಕೊಟ್ಟು ಹೋಗ್ಲಿ.”